ನಾಲಿಗೆಯ ವಾರ್ಷಿಕ ನವೀಕರಣ

ನಮ್ಮ ವೃತ್ತಿಸಂಘದ ಕಾರ್ಯಕಾರಿ ಸಮಿತಿಯ ಮಹನೀಯರು ಕಾಫಿಯ ರುಚಿಯನ್ನು ಕಾಪಾಡುತ್ತಿಲ್ಲ. ರುಚಿ ನೋಡುವವರ ನಾಲಿಗೆಯ ಮೇಲೆ ಸುಂಕದಕಟ್ಟೆ ಕಟ್ಟಿಕೊಂಡು ಕುಳಿತಿದ್ದಾರೆ. ಈ ಮಾತನ್ನು ನಾನು ಸಿಟ್ಟಿನ ಭರದಲ್ಲಿ ಬರೆಯುತ್ತಿಲ್ಲ. ಸಿಟ್ಟು ಇದೆ. ಆದರೆ ಅದು ತಣಿಯುವವರೆಗೆ ಕಾದು, ತಣಿದ ಮೇಲೆ ಮತ್ತೊಮ್ಮೆ ರುಚಿ ನೋಡಿ ಬರೆಯುತ್ತಿದ್ದೇನೆ. ಕೆಟ್ಟ ಕಾಫಿಯ ದೋಷ ಬಿಸಿ ಇಳಿದ ಮೇಲೆಯೇ ನಿಜವಾಗಿ ಬಯಲಾಗುತ್ತದೆ ಎಂದು ನನಗೆ ಕಲಿಸಿದವರು ಇದೇ ಸಂಘದವರು.

ನನ್ನ ಕಸುಬು ಕಾಫಿಯ ರುಚಿ ನೋಡುವುದು. ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದಿ, ಆಮೇಲೆ ಸಂಘದ ತರಬೇತಿ ಪಡೆದು, ಪರೀಕ್ಷೆ ಬರೆದು, 'ಪ್ರಮಾಣಿತ ರುಚಿ ಪರೀಕ್ಷಕಿ' ಎಂಬ ಚಿನ್ನದಂಚಿನ ಕಾಗದ ಸಂಪಾದಿಸಿದವಳು ನಾನು. ಸಕಲೇಶಪುರದಲ್ಲಿ ಒಣಕಾಫಿಯ ಸಿಪ್ಪೆ ಬಿಡಿಸಿ ಬೀಜವನ್ನು ದರ್ಜೆವಾರು ವಿಂಗಡಿಸುವ ಒಂದು ಕಾರ್ಖಾನೆಯ ಹಿಂಬದಿಯ ಕೋಣೆಯೇ ನನ್ನ ಕಚೇರಿ. ಒಂದು ಉದ್ದನೆಯ ಮೇಜು, ಸಾಲು ಬಟ್ಟಲುಗಳು, ಒಂದು ಚಮಚ, ಉಗುಳುವುದಕ್ಕೆ ಒಂದು ಡಬ್ಬ. ಬಟ್ಟಲುಗಳಿಗೆ ಬೆಳೆಗಾರರ ಹೆಸರಿರುವುದಿಲ್ಲ, ಬರೀ ಗುರುತಿನ ಅಕ್ಷರ. ನಾನು ಹೀರುತ್ತೇನೆ, ಉಗುಳುತ್ತೇನೆ, ಅಂಕ ಬರೆದು ಸಹಿ ಹಾಕುತ್ತೇನೆ.

ಆ ಸಹಿಗೆ ಬೆಲೆ ಬರಬೇಕಾದರೆ ಪ್ರತಿ ವರ್ಷ ಎರಡು ಶುಲ್ಕ ಕಟ್ಟಬೇಕು. ಒಂದು ಸಂಘದ ಸದಸ್ಯತ್ವಕ್ಕೆ, ಇನ್ನೊಂದು ಪ್ರಮಾಣಪತ್ರಕ್ಕೆ. ಮೊದಲನೆಯದನ್ನು ಕಟ್ಟದವರಿಂದ ಎರಡನೆಯದನ್ನು ಸ್ವೀಕರಿಸುವುದಿಲ್ಲ. ಎರಡನೆಯದು ಇಲ್ಲದವರಿಗೆ ಮೊದಲನೆಯದರಿಂದ ಏನು ಪ್ರಯೋಜನ ಎಂದು ಕೇಳಿದರೆ ಸಂಘದ ಕೈಪಿಡಿ ಮೌನ ವಹಿಸುತ್ತದೆ. ಕಾಗದದ ಕೆಳಗೆ ಸಣ್ಣಕ್ಷರದಲ್ಲಿ ಅವಧಿ ಮುಗಿಯುವ ದಿನ ಅಚ್ಚಾಗಿರುತ್ತದೆ. ಬ್ರೆಡ್ಡಿನ ಪೊಟ್ಟಣಕ್ಕೆ ಹಾಗೆ ಅಚ್ಚು ಹಾಕುವುದರಲ್ಲಿ ಅರ್ಥವಿದೆ. ಬ್ರೆಡ್ಡಿಗೆ ಬೂಷ್ಟು ಬರುತ್ತದೆ. ನನ್ನ ನಾಲಿಗೆಯನ್ನು ನಾನು ಆ ದಿನದ ಹಿಂದಿನ ಸಂಜೆಯೂ ಮರುದಿನ ಬೆಳಗ್ಗೆಯೂ ಕನ್ನಡಿಯ ಮುಂದೆ ಚಾಚಿ ನೋಡಿಕೊಂಡಿದ್ದೇನೆ. ಯಾವ ವ್ಯತ್ಯಾಸವೂ ಕಾಣಲಿಲ್ಲ.

ಕಟ್ಟಿದ್ದಕ್ಕೆ ಪ್ರತಿಯಾಗಿ ಏನೂ ಸಿಗಲಿಲ್ಲ ಎಂದರೆ ಅನ್ಯಾಯವಾದೀತು. ಎದೆಗೆ ಚುಚ್ಚಿಕೊಳ್ಳುವ ಒಂದು ಬಿಲ್ಲೆ ಸಿಕ್ಕಿದೆ. ವರ್ಷಕ್ಕೊಮ್ಮೆ ಫೋನಿಗೆ ಹುಟ್ಟುಹಬ್ಬದ ಶುಭಾಶಯ ಬರುತ್ತದೆ. ನಮ್ಮ ಕಡೆ ಆನೆ ಯಾವ ತೋಟದಲ್ಲಿದೆ ಎಂದು ತಿಳಿಸುವ ಸಂದೇಶವೂ ಅದೇ ಫೋನಿಗೆ ಬರುತ್ತದೆ. ಅದಕ್ಕೆ ಯಾರೂ ನನ್ನಿಂದ ಚಂದಾ ಕೇಳಿಲ್ಲ, ಅದರಿಂದ ಒಮ್ಮೆ ಜೀವ ಉಳಿದಿದೆ. ಇನ್ನು ವಾರ್ಷಿಕ ಮಹಾಸಭೆ. ಮೊದಲ ವರ್ಷ ನಾನು ಭಕ್ತಿಯಿಂದ ಹೋಗಿದ್ದೆ. ದೊಡ್ಡ ಹೋಟೆಲಿನ ತಣ್ಣನೆಯ ಸಭಾಂಗಣ, ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು, ಹಣ್ಣಿನ ಬುಟ್ಟಿ. ವಿರಾಮದಲ್ಲಿ ಗುಂಡಿ ಒತ್ತಿದರೆ ಸುರಿಯುವ ಯಂತ್ರದ ಕಾಫಿ. ಅದನ್ನು ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಅಭ್ಯಾಸಬಲದಿಂದ ಉಗುಳುವ ಡಬ್ಬಕ್ಕಾಗಿ ಸುತ್ತಲೂ ನೋಡಿದೆ. ಹಾಲಿನ ಪುಡಿ, ಚಿಕೋರಿ, ಸುಟ್ಟ ವಾಸನೆ. ಕಾಫಿ ಇದ್ದರೆ ಅದು ನೆಂಟರ ಪಟ್ಟಿಯಲ್ಲಿ ಕೊನೆಯವರ ಹಾಗೆ ಎಲ್ಲೋ ಹಿಂದೆ ನಿಂತಿತ್ತು. ದೇಶದ ರುಚಿ ಪರೀಕ್ಷಕರೆಲ್ಲ ಸೇರಿದ್ದ ಆ ಸಭಾಂಗಣದಲ್ಲಿ ಒಬ್ಬರೂ ಮುಖ ಕಿವುಚಲಿಲ್ಲ. ಅಧ್ಯಕ್ಷರು ಮಾತ್ರ ಜಾಣರು. ಅವರು ಚಹಾ ತರಿಸಿಕೊಂಡರು.

ಇಷ್ಟೇ ಆಗಿದ್ದರೆ ನಾನೂ ಎಲ್ಲರಂತೆ ಬಿಲ್ಲೆ ಚುಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಈ ವರ್ಷ ಹಾಗಾಗಲಿಲ್ಲ. ಈ ವರ್ಷ ನನ್ನ ಸಹಿಯನ್ನು ನಂಬಿ ಒಬ್ಬ ಹೆಂಗಸು ತನ್ನ ಬೆಳೆಯನ್ನು ಬೇರೆ ಮಾಡಿಟ್ಟಿದ್ದಳು.

ಅವಳು ಆಲೂರು ತಾಲ್ಲೂಕಿನ ಮಗ್ಗೆಯ ಕಡೆಯವಳು. ನಾನು ಅಕ್ಕ ಎನ್ನುತ್ತೇನೆ. ಚಿಕ್ಕ ಹಿಡುವಳಿ, ರೋಬಸ್ಟಾ ಗಿಡಗಳು, ನಡುವೆ ಒಂದಿಷ್ಟು ಮೆಣಸಿನ ಬಳ್ಳಿ. ಎಲ್ಲರ ಹಾಗೆ ಅವರ ಮನೆಯಲ್ಲೂ ಹಣ್ಣು, ದೋರೆ, ಕಾಯಿ ಎನ್ನದೆ ಕೊಂಬೆ ಬಾಚಿ ಎಳೆದು, ಕಣದಲ್ಲಿ ಹರಡಿ, ಮೂಟೆ ಕಟ್ಟಿ ಕಾರ್ಖಾನೆಯ ದೊಡ್ಡ ರಾಶಿಗೆ ಸುರಿಯುವುದೇ ವಾಡಿಕೆ. ಎರಡು ವರ್ಷದ ಹಿಂದೆ ಯಾವುದೋ ಮೂಟೆ ತೂಗಿಸಲು ಬಂದವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತು, ನಾನು ಸದ್ದು ಮಾಡಿ ಹೀರುವುದನ್ನು ನೋಡಿ ದಂಗಾಗಿದ್ದಳು.

"ಇದೇನವ್ವ ಇದು, ಸೊರ್ರ್ ಅಂತ! ನಮ್ಮನೇಲಿ ಹಿಂಗ್ ಕುಡುದ್ರೆ ನಮ್ಮತ್ತೆ ಲೋಟ ಕಿತ್ಕೊಳ್ಳೋರು."

ಗಾಳಿಯ ಜೊತೆ ಹೀರಿದರೆ ಮಾತ್ರ ಬಾಯಿ ಪೂರಾ ರುಚಿ ಹರಡುತ್ತದೆ ಎಂದು ವಿವರಿಸಿ, ಬಾಯಲ್ಲಿದ್ದದ್ದನ್ನು ಡಬ್ಬಕ್ಕೆ ಉಗಿದೆ.

"ಉಗುದ್ಬುಟ್ಯಲ್ಲೇ! ಚೆನ್ನಾಗಿರ್ಲಿಲ್ವಾ?"

"ತುಂಬಾ ಚೆನ್ನಾಗಿತ್ತು ಅಕ್ಕ."

"ಚೆನ್ನಾಗಿರೋದ್ನೂ ಉಗಿಯೋಕೆ ಅಷ್ಟೊಂದು ಓದ್ಬೇಕಾ ಮಾರಾಯ್ತಿ?"

ಇದಕ್ಕೆ ಕಪ್ಪಿಂಗ್ ಎನ್ನುತ್ತಾರೆ, ಮಾಡುವ ಹಕ್ಕಿಗೆ ವರ್ಷಾ ವರ್ಷಾ ಸಂಘಕ್ಕೆ ದುಡ್ಡು ಕಟ್ಟಬೇಕು ಎಂದೆ. ಅವಳು ತಲೆಯಾಡಿಸಿದಳು. "ಕಪ್ಪ ಅನ್ನು ಮತ್ತೆ. ರಾಜ್ರ ಕಾಲ್ದಲ್ಲಿ ಕಟ್ತಿದ್ರಲ್ಲ, ಅದು." ಅಂದಿನಿಂದ ನನ್ನ ನವೀಕರಣ ಶುಲ್ಕಕ್ಕೆ ನಮ್ಮಿಬ್ಬರ ನಡುವೆ ಅದೇ ಹೆಸರು ನಿಂತಿತು. ಅಪಾರ್ಥವೆಂದು ತಿದ್ದಲು ಹೋದೆ. ತಿದ್ದುವುದಕ್ಕೆ ಏನೂ ಇರಲಿಲ್ಲ.

ತನ್ನ ಕಾಫಿಗೂ ಒಂದು ಬಟ್ಟಲು ಇಡು ಎಂದಳು. ಇಟ್ಟೆ. ಹುಳಿತ ವಾಸನೆ, ಹಸಿಕಾಯಿಯ ಒಗರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಖ ಸಣ್ಣದು ಮಾಡಿಕೊಳ್ಳದೆ ಏನು ಮಾಡಬೇಕೆಂದು ಕೇಳಿ ತಿಳಿದುಕೊಂಡು ಹೋದಳು. ಈ ಸಲದ ಕುಯ್ಲಿನಲ್ಲಿ ತೋಟದ ಒಂದು ಭಾಗವನ್ನು ಬೇರೆ ಇಟ್ಟು, ಹಣ್ಣಾದದ್ದನ್ನು ಮಾತ್ರ ಸುತ್ತು ಸುತ್ತು ಬಂದು ಕುಯ್ದಳು. ನೆಲದ ಮೇಲೆ ಹರಡದೆ, ಬಲೆ ಬಿಗಿದ ಮಂಚದ ಮೇಲೆ ಒಣಗಿಸಿದಳು. ಅವಳ ಯಜಮಾನರು ನನ್ನೆದುರೇ ಹಂಗಿಸಿದ್ದರು: "ಹಣ್ ಆರುಸ್ತಾ ಅವ್ಳೆ ಕಣ್ರೀ, ಮದ್ವೆಗ್ ಸೀರೆ ಆರುಸ್ದಂಗೆ. ಕಾಫಿನೇನ್ ಉಟ್ಕೊಂಡ್ ಹೋಗೋಕಾಗುತ್ತಾ?" ಅವಳು ಸೆರಗು ಕೊಡವಿ ಎದ್ದು ಹೇಳಿದ್ದು ಇಷ್ಟೇ: "ಈ ಒಂದ್ ವರ್ಷ ನನ್ ಮಾತು ನಡೀಲಿ. ರಾಶಿಗೆ ಸುರೀದಂಗೆ, ನಮ್ಮೂರ್ ಹೆಸ್ರಲ್ಲೇ ಮಾರ್ತೀನಿ. ಆಗ್ಲಿಲ್ಲ ಅಂದ್ರೆ ಬರೋ ವರ್ಷ ನೀವೇ ಬಾಚ್ಕೊಳಿ."

ಕೊಳ್ಳುವವನೂ ಸಿಕ್ಕಿದ್ದ. ಮೈಸೂರಿನಲ್ಲಿ ಕಾಫಿ ಹುರಿದು ಪೊಟ್ಟಣ ಕಟ್ಟಿ ಮಾರುವ ಒಬ್ಬ ಯುವಕ. ಪೊಟ್ಟಣದ ಮೇಲೆ ಅವಳ ಊರಿನ ಹೆಸರು ಹಾಕಲು ಒಪ್ಪಿದ್ದ. ಅವನದೊಂದೇ ಷರತ್ತು: ಅಂಕಪಟ್ಟಿಯ ಮೇಲೆ ಚಾಲ್ತಿಯಲ್ಲಿರುವ ಪ್ರಮಾಣಿತ ಪರೀಕ್ಷಕರ ಸಹಿ ಇರಬೇಕು. ಅದರಲ್ಲೇನಿದೆ ಎಂದುಕೊಂಡೆ. ಎರಡೂ ಶುಲ್ಕಗಳನ್ನು ಗಡುವಿಗೆ ಮುಂಚೆಯೇ ಕಟ್ಟಿದ್ದೆ.

ನವೀಕರಣಕ್ಕೆ ಸಂಘ ಈ ವರ್ಷ ಒಂದು ಹೊಸ ಕಟ್ಟಳೆ ಸೇರಿಸಿತ್ತು. ಒಂದು ದಿನದ 'ನಿರಂತರ ಕಲಿಕಾ ತರಗತಿ'ಗೆ ಹಾಜರಾಗಬೇಕು; ಅದಕ್ಕೆ ಮತ್ತೊಂದು ಶುಲ್ಕ. ತರಗತಿ ನಡೆಸಲು ಸಮಿತಿ ಆರಿಸಿಕೊಂಡ ತಿಂಗಳು ಜನವರಿ. ಜನವರಿಯಲ್ಲಿ ಈ ಗುಡ್ಡಗಳಲ್ಲಿ ಏನು ನಡೆಯುತ್ತದೆಂದು ಮಾರನಹಳ್ಳಿಯ ಹೆದ್ದಾರಿ ಬದಿಯಲ್ಲಿ ಸೌತೆಕಾಯಿ ಮಾರುವವರನ್ನು ಕೇಳಿದರೂ ಹೇಳುತ್ತಾರೆ. ಅರೇಬಿಕಾದ ಕೊನೆಯ ಸುತ್ತು ಮುಗಿಯುವ ಮೊದಲೇ ರೋಬಸ್ಟಾ ಹಣ್ಣಾಗಿರುತ್ತದೆ. ಆಳಿಗೆ ಆಳು ಸಿಗುವುದಿಲ್ಲ. ದಿನವೂ ಮಾದರಿಗಳು ಬರುತ್ತವೆ, ನನ್ನ ಬಾಯಿ ರಾತ್ರಿ ಸಾರಿನ ರುಚಿಯನ್ನೂ ಗುರುತಿಸಲಾರದಷ್ಟು ದಣಿದಿರುತ್ತದೆ. ಈ ತಿಂಗಳಲ್ಲಿ ತರಗತಿಗೆ ಬರಬಲ್ಲವರು ಯಾರೆಂದರೆ ರುಚಿ ನೋಡುವ ಕೆಲಸ ಇಲ್ಲದ ರುಚಿ ಪರೀಕ್ಷಕರು. ಕಲಿಕೆ ನಿರಂತರವಾಗಿರಲಿ ಎಂದು ಕೆಲಸವನ್ನು ನಿಲ್ಲಿಸುವ ಈ ಏರ್ಪಾಡಿಗೆ ನಾನು ಸಂಘಕ್ಕೆ ಸೌಜನ್ಯದಿಂದಲೇ ಒಂದು ಸಾಲಿನ ಉತ್ತರ ಕಳಿಸಿದೆ: "ಕಾಫಿ ಮುಗಿದ ಮೇಲೆ ಬರುತ್ತೇನೆ."

ಸಕಲೇಶಪುರ, ಆಲೂರುಗಳಲ್ಲಿ ಹುಟ್ಟಿದ ಯಾರಿಗೂ ಈ ಮಾತಿಗೆ ಟಿಪ್ಪಣಿ ಬೇಕಿಲ್ಲ. ನಮ್ಮಲ್ಲಿ ಹೆಣ್ಣು ನೋಡಲು ಬರುವುದು ಕಾಫಿ ಮುಗಿದ ಮೇಲೆ. ಹಲ್ಲು ಕೀಳಿಸುವುದು, ಹೆಂಚು ಕೈಯಾಡಿಸುವುದು, ಅಣ್ಣತಮ್ಮಂದಿರು ಪಾಲಿನ ಜಗಳಕ್ಕೆ ಕೂರುವುದು, ಎಲ್ಲವೂ ಕಾಫಿ ಮುಗಿದ ಮೇಲೆ. ಕುಯ್ಲು ಮುಗಿದು, ಕಣ ಗುಡಿಸಿ, ಕೊನೆಯ ಮೂಟೆ ಹೊಲಿದ ಮೇಲೆ ಎಂದು ಅರ್ಥ. ಕಾಫಿಯ ಹೆಸರಿನಲ್ಲಿ ಕಟ್ಟಿದ ಸಂಘಕ್ಕೆ ಕಾಫಿಯ ಭಾಷೆ ತಿಳಿದಿರುತ್ತದೆಂದು ನಂಬಿದ್ದೆ.

ಮಾರ್ಚ್ ಬಂತು. ಅಕ್ಕನ ಮಾದರಿ ಬೇರೆ ಮಾದರಿಗಳ ನಡುವೆ ಹೆಸರಿಲ್ಲದೆ ನನ್ನ ಮೇಜಿಗೆ ಬಂತು. ಆ ಸಾಲಿನಲ್ಲಿ ಒಂದು ಬಟ್ಟಲಿನ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಬೆಲ್ಲದ ಪಾಕದಂಥ ಸಿಹಿ, ಹುರಿದ ಗೋಡಂಬಿಯ ಕೊನೆ, ಒಗರಿನ ಸುಳಿವೇ ಇಲ್ಲ. ತಣ್ಣಗಾದ ಮೇಲೂ ಕೆಡಲಿಲ್ಲ. ಅಂಕ ಬರೆದು, ಸಹಿ ಹಾಕಿ, ಆಮೇಲೆ ಗುರುತಿನ ಅಕ್ಷರ ಬಿಚ್ಚಿದಾಗ ಅದು ಮಗ್ಗೆಯದಾಗಿತ್ತು. ಅಕ್ಕನಿಗೆ ಫೋನು ಮಾಡಿದೆ. ಅವಳು ಯಜಮಾನರ ಕೈಗೆ ಫೋನು ಕೊಟ್ಟು, "ಇನ್ನೊಂದ್ ಸಲ ಹೇಳು, ಇವ್ರ್ ಕಿವೀಲಿ ಬೀಳ್ಲಿ" ಎಂದಳು.

ಎರಡು ದಿನ ಕಳೆದು ಮೈಸೂರಿನ ಯುವಕ ಕರೆ ಮಾಡಿದ. ಸಂಘದ ಜಾಲತಾಣದಲ್ಲಿ ನನ್ನ ಸದಸ್ಯತ್ವದ ಸಂಖ್ಯೆ ಹಾಕಿ ನೋಡಿದನಂತೆ. ಹೆಸರಿನ ಎದುರು ಕೆಂಪಕ್ಷರದಲ್ಲಿ 'ಅಮಾನತು' ಎಂದಿತ್ತು. ಅವನ ದನಿಯಲ್ಲಿ ಮುಜುಗರವಿತ್ತು. ಯುಗಾದಿಯೊಳಗೆ ಸರಿಪಡಿಸಿದರೆ ಖಂಡಿತ ಕೊಳ್ಳುತ್ತೇನೆ, ಆಚೆಗೆ ಆಗುವುದಿಲ್ಲ ಎಂದ.

ಸಂಘದ ಕಚೇರಿಗೆ ಫೋನು ಮಾಡಿದಾಗ ಅಕ್ಕ ನನ್ನ ಕೋಣೆಯ ಬೆಂಚಿನ ಮೇಲೆ ಪಕ್ಕದಲ್ಲೇ ಕುಳಿತಿದ್ದಳು. ಎತ್ತಿಕೊಂಡವರು ಕಚೇರಿಯ ವ್ಯವಸ್ಥಾಪಕರು. ಬಹಳ ಮರ್ಯಾದೆಯ ಮನುಷ್ಯ.

"ನಿಮ್ಮದು ಅಮಾನತಾಗಿದೆ ಮೇಡಂ."

"ಎರಡೂ ಶುಲ್ಕ ಕಟ್ಟಿದ್ದೀನಲ್ಲ ಸಾರ್."

"ಶುಲ್ಕ ಬಂದಿದೆ ಮೇಡಂ, ಅದರಲ್ಲೇನೂ ತೊಂದರೆ ಇಲ್ಲ. ಶುಲ್ಕ ಚಾಲ್ತಿಯಲ್ಲಿದೆ. ನೀವು ಚಾಲ್ತಿಯಲ್ಲಿಲ್ಲ."

"ಯಾಕೆ?"

"ತರಗತಿಗೆ ಹೆಸರು ಕೊಟ್ಟು ಗೈರುಹಾಜರಾಗಿದ್ದೀರಿ. ಹೆಸರು ಕೊಡದವರಿಗೆ ಬರೀ ಎಚ್ಚರಿಕೆ ಮೇಡಂ. ಕೊಟ್ಟು ಬರದವರಿಗೆ ಅಮಾನತು."

"ನಾನು ಹೆಸರೇ ಕೊಟ್ಟಿಲ್ಲ. ಕಾಫಿ ಮುಗಿದ ಮೇಲೆ ಬರ್ತೀನಿ ಅಂತ ಬರೆದಿದ್ದೆ."

"ಅದೇ, ನಮೂದಾಗಿದೆ. 'ಕಾಫಿ ಮುಗಿದ ಮೇಲೆ ಬರುತ್ತಾರೆ.' ಕಾಫಿ ಹನ್ನೊಂದೂಕಾಲಕ್ಕೆ ಮುಗೀತು. ಆಮೇಲಿನ ಗೋಷ್ಠಿಗೆ ನಿಮಗೆ ಕುರ್ಚಿ ಹಾಕಿಸಿದ್ವಿ, ಊಟದ ಕೂಪನ್ನೂ ತೆಗೆದಿಟ್ಟಿದ್ವಿ. ನೀವು ಬರಲಿಲ್ಲ."

ಅಕ್ಕ ಮೊಣಕೈಯಿಂದ ತಿವಿದಳು. "ಏನಂತೆ?"

"ಕಾಫಿ ಹನ್ನೊಂದೂಕಾಲಕ್ಕೆ ಮುಗೀತಂತೆ."

"ಯಾರ್ ತೋಟದ್ದು?"

ಫೋನಿಗೆ ಮತ್ತೆ ವಿವರಿಸಿದೆ: "ಸಾರ್, ನಮ್ಮ ಕಡೆ ಕಾಫಿ ಅಂದ್ರೆ ಕುಯ್ಲು. ಅದು ಮಾರ್ಚ್ ತನಕ ಮುಗಿಯಲ್ಲ."

"ಮಾರ್ಚ್ ತನಕ ಕುಡೀತಾನೇ ಇರ್ತೀರಾ ಮೇಡಂ?" ಎಂದು ಅವರು ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕರು. ನನ್ನ ಅರ್ಧ ವರ್ಷದ ದುಡಿಮೆಯೂ ಪಕ್ಕದ ಬೆಂಚಿನವಳ ಒಂದು ವರ್ಷದ ಪಂಥವೂ ಆ ನಗುವಿನ ಎದುರು ನಿಂತಿದ್ದವು. ಆ ಕಚೇರಿಯಲ್ಲಿ ಕಾಫಿ ಎಂದರೆ ವಿರಾಮ. ಇಲ್ಲಿ ಕಾಫಿ ಎಂದರೆ ವಿರಾಮವಿಲ್ಲದ ಕಾಲ.

ಪರಿಹಾರವೂ ಇತ್ತು. ಅಮಾನತು ತೆರವಿನ ಶುಲ್ಕ, ಅದರ ಅರ್ಜಿಯ ಪರಿಶೀಲನಾ ಶುಲ್ಕ, ಚಾಲ್ತಿಯಲ್ಲಿರುವ ಸ್ಥಳೀಯ ಸದಸ್ಯರೊಬ್ಬರ ಶಿಫಾರಸು, ಆಮೇಲೆ ಸಮಿತಿಯ ಸಭೆ. ನಮ್ಮ ಸೀಮೆಯಲ್ಲಿ ನನ್ನ ಹೊರತು ಇಬ್ಬರೇ ಪರೀಕ್ಷಕರಿದ್ದಾರೆ. ಇಬ್ಬರಿಗೂ ಫೋನು ಮಾಡಿದೆ. ಇಬ್ಬರೂ ಸಂಘಕ್ಕೆ ಬರೆದಿದ್ದ ಉತ್ತರ ಏನೆಂದು ಓದುಗರು ಊಹಿಸಬಹುದು. ಇಬ್ಬರಿಗೂ ಕುರ್ಚಿ ಹಾಕಿಸಿದ್ದರಂತೆ, ಊಟದ ಕೂಪನ್ನು ತೆಗೆದಿಟ್ಟಿದ್ದರಂತೆ. ಹೀಗೆ ಈ ಗುಡ್ಡಗಳ ನಾಲಿಗೆಗಳೆಲ್ಲ ಒಂದೇ ಬೆಳಗ್ಗೆ ಅಮಾನತಾಗಿದ್ದವು. ಸಮಿತಿಯ ಸಭೆ ಯಾವಾಗ ಎಂದು ಕೇಳಿದರೆ, ಅಧ್ಯಕ್ಷರು ಅಧ್ಯಯನ ಪ್ರವಾಸಕ್ಕೆ ವಿದೇಶಕ್ಕೆ ಹೋಗಿದ್ದಾರೆ, ಬಂದ ಮೇಲೆ ದಿನ ಗೊತ್ತುಮಾಡುತ್ತೇವೆ ಎಂದರು.

ಯುಗಾದಿ ಹತ್ತಿರವಾಗುತ್ತಿತ್ತು. ದಿನವೂ ಕರೆ ಮಾಡಿ ಕಾಡುತ್ತಿದ್ದ ನನ್ನ ಮೇಲೆ ವ್ಯವಸ್ಥಾಪಕರಿಗೆ ಕರುಣೆ ಬಂದಿರಬೇಕು. ಒಂದು ಸಂಜೆ ಅವರೇ ಫೋನು ಮಾಡಿ ದನಿ ತಗ್ಗಿಸಿ ಉಪಾಯ ಹೇಳಿದರು. ನಗರದಲ್ಲಿ ಒಬ್ಬ ಹಿರಿಯ ಸದಸ್ಯರಿದ್ದಾರೆ, ಅವರ ನವೀಕರಣ ಒಂದು ವರ್ಷವೂ ತಪ್ಪಿಲ್ಲ, ಅಂಕಪಟ್ಟಿಯನ್ನು ಅವರಿಗೆ ಕಳಿಸಿದರೆ ಸಹಿ ಹಾಕಿಕೊಡುತ್ತಾರೆ.

"ಮಾದರಿ ಎಷ್ಟು ಕಳಿಸಲಿ ಸಾರ್?"

"ಮಾದರಿ ಬೇಡ ಮೇಡಂ. ಅವರು ಕಾಫಿ ಬಿಟ್ಟು ಬಹಳ ದಿನ ಆಯ್ತು. ಡಾಕ್ಟರು ಬೇಡ ಅಂದಿದ್ದಾರೆ."

ಕಾಫಿ ನಿಷಿದ್ಧವಾದ ಬಾಯಿಗೆ ಪ್ರಮಾಣವಿದೆ. ದಿನವೂ ಹೀರಿ ಉಗಿದು ಚರ್ಮ ಸುಲಿದ ಬಾಯಿಗೆ ಇಲ್ಲ. ಸಂಘದ ಇಡೀ ತತ್ತ್ವವನ್ನು ಇಷ್ಟು ಸ್ವಚ್ಛವಾಗಿ ಯಾವ ಕೈಪಿಡಿಯೂ ನಿರೂಪಿಸಿರಲಿಲ್ಲ. ಆದರೂ ನಿರ್ಧಾರ ನನ್ನದಾಗಿರಲಿಲ್ಲ. ಕಾಫಿ ಅಕ್ಕನದು, ಪಂಥ ಅವಳದು. ಮಗ್ಗೆಗೆ ಹೋಗಿ ಇದ್ದದ್ದನ್ನು ಹೇಳಿ, ನಿನಗೆ ಹೇಗೆ ಬೇಕೋ ಹಾಗೆ ಎಂದೆ. ಅವಳು ಮೂಟೆಗಳಿಗೆ ಒರಗಿ ಕುಳಿತು ಕೇಳಿಸಿಕೊಂಡಳು.

"ಬಾಯಿಗೆ ಇಟ್ಕೊಳ್ದೇನೇ ಚೆನ್ನಾಗೈತೆ ಅಂತ ಬರೀತಾನಾ?"

"ಹೂಂ ಅಕ್ಕ."

"ಅಂಗೆ ಬರೆಯೋದಾದ್ರೆ ನಮ್ಮೆಜಮಾನ್ರೇ ಬರೀತಾರೆ ಬಿಡು. ಅವ್ರಿಗೆ ಕಪ್ಪನೂ ಬೇಡ."

ಯಜಮಾನರು ಅಂಗಳದಲ್ಲೇ ಇದ್ದರು. ಅಂದು ಅವರು ಹಂಗಿಸಲಿಲ್ಲ. "ಬೇಡ ಬುಡು," ಎಂದರು, ಯಾರ ಮುಖವನ್ನೂ ನೋಡದೆ. "ಸುಳ್ ಕಾಗ್ದ ಅಂಟಿಸ್ಕೊಂಡು ನಮ್ಮೂರ್ ಹೆಸ್ರು ಹಾಕ್ಸೋದ್ ಬೇಡ."

ಯುಗಾದಿಯ ಮರುವಾರ ಅವಳ ಮೂಟೆಗಳು ಕಾರ್ಖಾನೆಗೆ ಬಂದವು. ತೂಗಿ, ಬಾಯಿ ಬಿಚ್ಚಿ, ಎಲ್ಲರ ರಾಶಿಗೆ ಸುರಿದರು. ಬಾಚಿ ಎಳೆದದ್ದು, ನೆಲದಲ್ಲಿ ಬಿದ್ದದ್ದು, ಹುಳಿತದ್ದು, ಎಲ್ಲದರ ಮೇಲೆ ಅವಳ ಕಾಫಿ ಜಾರಿಕೊಂಡು ಹೋಯಿತು. ಕೂಲಿಯವನು ಸಲಿಕೆಯಿಂದ ಒಮ್ಮೆ ಎಳೆದ. ಆಮೇಲೆ ಯಾವುದು ಯಾರದೆಂದು ಹೇಳಲು ನನಗೂ ಸಾಧ್ಯವಿರಲಿಲ್ಲ. ಅವಳು ಅಳಲಿಲ್ಲ. ಖಾಲಿ ಚೀಲಗಳನ್ನು ಕೊಡವಿ ಮಡಿಸುತ್ತಾ ಕೇಳಿದಳು: "ನಿಮ್ ಸಂಘ್ದೋರು ಯಾವತ್ತಾರ ತೋಟಕ್ಕೆ ಬಂದಿದ್ರಾ?" ಇಲ್ಲ ಎಂದೆ. "ಬರೋ ವರ್ಷ ಆರುಸ್ಬೇಕೋ ಬ್ಯಾಡ್ವೋ ಅಂತ ಮನೇಲಿ ಮಾತು ಬರ್ತದೆ ಕಣವ್ವ. ನಂಗೂ ಹೇಳೋಕೆ ಏನಾದ್ರೂ ಬೇಕಲ್ಲ." ಸುರಿಯುವ ಮೊದಲು ಒಂದು ಚೀಲವನ್ನು ಅವಳು ಪಕ್ಕಕ್ಕೆ ತೆಗೆದಿರಿಸಿದ್ದಳು. ಅದನ್ನು ಹೊಲಿದು, ಮುದ್ರೆ ಹಾಕಿ, ನನ್ನ ಕೋಣೆಯ ಒಣ ಮೂಲೆಯಲ್ಲಿ ಇಟ್ಟಿದ್ದೇನೆ.

ಸಮಿತಿಯ ಮಹನೀಯರೇ, ಇನ್ನು ನಿಮ್ಮನ್ನು ನೇರವಾಗಿ ಕೇಳುತ್ತೇನೆ. ವೃತ್ತಿಗೆ ಒಂದು ಮಟ್ಟ ಬೇಕು, ಮಟ್ಟ ಕಾಯಲು ಸಂಘ ಬೇಕು, ಸಂಘ ನಡೆಯಲು ಸದಸ್ಯರು ಶುಲ್ಕ ಕೊಡಬೇಕು: ಇದನ್ನು ನಾನು ಒಪ್ಪುತ್ತೇನೆ, ಕೊಟ್ಟಿದ್ದೇನೆ. ಆದರೆ ಇಷ್ಟು ವರ್ಷಗಳಲ್ಲಿ ನೀವು ಒಮ್ಮೆಯೂ ನನ್ನ ನಾಲಿಗೆಯನ್ನು ಮರುಪರೀಕ್ಷೆ ಮಾಡಿಲ್ಲ. ಒಂದು ಬಟ್ಟಲು ಮುಂದಿಟ್ಟು ಇದರಲ್ಲಿ ದೋಷವೇನು ಹೇಳು ಎಂದು ಕೇಳಿಲ್ಲ. ಕೇಳಿದ್ದರೆ, ತಪ್ಪು ಹೇಳಿ ಅನರ್ಹಳಾಗಿದ್ದರೆ, ತಲೆಬಾಗಿ ಒಪ್ಪುತ್ತಿದ್ದೆ. ನೀವು ನವೀಕರಿಸುತ್ತಿರುವುದು ಯಾರ ಅರ್ಹತೆಯನ್ನು, ಯಾವ ಆಧಾರದ ಮೇಲೆ ಎಂಬುದಕ್ಕೆ ಉತ್ತರ ಕೊಡಿ. ಒಂದು ಸಾಲಿನ ಕನ್ನಡವನ್ನು ತಪ್ಪಾಗಿ ಓದಿ, ಮರಳಿ ಒಂದು ಮಾತು ಕೇಳದೆ, ಮೂವರನ್ನು ಅಮಾನತು ಮಾಡಿದ ನಿರ್ಣಯಕ್ಕೆ ಸಹಿ ಹಾಕಿದವರು ಯಾರು, ಅವರು ಕಾಫಿ ಕುಯ್ಲನ್ನು ಕಣ್ಣಾರೆ ಕಂಡಿದ್ದಾರೆಯೇ ಎಂಬುದನ್ನೂ ತಿಳಿಸಿ. ರುಚಿ ನೋಡದೆ ಸಹಿ ಹಾಕುವ ಪದ್ಧತಿ ನಿಮ್ಮ ಅರಿವಿನಲ್ಲೇ ನಡೆಯುತ್ತಿದೆಯೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಕು.

ಆದ್ದರಿಂದ, ನಮ್ಮ ಮೂವರ ಅಮಾನತನ್ನು ಯಾವ ಹೆಚ್ಚುವರಿ ಶುಲ್ಕವೂ ಇಲ್ಲದೆ ರದ್ದುಪಡಿಸಬೇಕೆಂದೂ, ಕಲಿಕಾ ತರಗತಿಯನ್ನು ಕುಯ್ಲಿನ ತಿಂಗಳುಗಳ ಹೊರಗೆ, ಕಾಫಿ ಬೆಳೆಯುವ ಊರೊಂದರಲ್ಲಿ ನಡೆಸಬೇಕೆಂದೂ, ಪ್ರಮಾಣಪತ್ರದ ನವೀಕರಣವನ್ನು ರುಚಿ ಪರೀಕ್ಷೆಯ ಆಧಾರದ ಮೇಲೆ ಮಾತ್ರ ಮಾಡಬೇಕೆಂದೂ ಕೋರುತ್ತೇನೆ. ಎಲ್ಲಕ್ಕಿಂತ ಮೊದಲು, ಸಮಿತಿಯ ಸದಸ್ಯರು ಸ್ವತಃ ಸಕಲೇಶಪುರಕ್ಕೆ ಬಂದು, ಮುದ್ರೆಯೊಡೆದು, ಆ ಚೀಲದ ಕಾಫಿಯನ್ನು ತಮ್ಮ ಬಾಯಿಂದಲೇ ಪರೀಕ್ಷಿಸಿ, ತಮಗೆ ತೋಚಿದ ಅಂಕವನ್ನು ಬರೆದು ಸಹಿ ಮಾಡಿ, ಆ ಪಟ್ಟಿಯನ್ನು ಬೆಳೆದವಳ ಕೈಗೆ ಕೊಡಬೇಕು. ಅಂಕ ಕಡಿಮೆಯಾದರೂ ಚಿಂತೆಯಿಲ್ಲ, ಕುಡಿದು ಬರೆದದ್ದಾಗಿರಲಿ. ಮುಂದಿನ ಹಣ್ಣು ಕೆಂಪಗಾಗುವ ಹೊತ್ತಿಗೆ ಆ ಮನೆಯಲ್ಲಿ ಒಂದು ತೀರ್ಮಾನ ಆಗಲಿದೆ. ಅದಕ್ಕೆ ಮೊದಲು, ಹೊಣೆ ಹೊತ್ತವರ ಸಹಿಯುಳ್ಳ ಲಿಖಿತ ಉತ್ತರವನ್ನು ನನಗೂ ಅವಳಿಗೂ ಪ್ರತ್ಯೇಕವಾಗಿ ಕಳುಹಿಸಬೇಕೆಂದು ಈ ಮೂಲಕ ವಿಧ್ಯುಕ್ತವಾಗಿ ಒತ್ತಾಯಿಸುತ್ತೇನೆ.